ನಿಝಾರನ ಮೂರು ಶೀಶೆ

ಬಿಸಿಲು ಮತ್ತೆ ವ್ಯಾನಿನ ಕಿಟಕಿಯಿಂದ ಜಾರಿ ಯುಸ್ರಾಳ ಮುಖಕ್ಕೆ ಬಂತು, ಶಾಲು ಎಳೆದು ಮುಚ್ಚಿದೆ, ಅಮ್ಮಾ ಕಣ್ಣು ಚುಚ್ತಿದೆ, ಗೊತ್ತು ಕಂದ, ಇನ್ನೇನು ಗಾಬೆಸ್ ಬಂದೇಬಿಡ್ತು — ಆರು ವರ್ಷದವಳು, ತೂಕ ಮೂರು ವರ್ಷದ್ದು, ಸ್ಫಾಕ್ಸ್‌ನಿಂದ ತೊಡೆಯ ಮೇಲೇ ಇದ್ದಾಳೆ, ತೊಡೆ ನೋಯುತ್ತಿಲ್ಲ, ಅದೇ ಭಯ. ಮಾತ್ರೆ ಮುಗಿದು ಹತ್ತೊಂಬತ್ತು ದಿನ, ಹಡಗು ಬಂದಿಲ್ಲ ಮೇಡಂ ಅನ್ನುತ್ತಾನೆ ಔಷಧಿ ಅಂಗಡಿಯವನು, ಹಡಗಂತೆ — ಹದಿನಾಲ್ಕು ವರ್ಷದಿಂದ ನಾನು ಕರಿಹಲಗೆಯ ಮೇಲೆ ಜೀವಕೋಶ ಬರೆದು ಕಲಿಸುತ್ತೇನೆ, ಈ ಪುಟ್ಟ ಚೀಲದಲ್ಲಿ ಹಳೆಯ ಪ್ರೋಟೀನು ಒಡೆಯುತ್ತದೆ, ಒಡೆದ ಚೂರು ಬಾಗಿಲು ದಾಟಿ ಹೊರಗೆ ಹೋಗುತ್ತದೆ, ಬರೆದುಕೊಳ್ಳಿ, ಪರೀಕ್ಷೆಗೆ ಬರುತ್ತೆ. ನನ್ನ ಮಗಳಲ್ಲಿ ಒಂದು ಚೂರಿಗೆ ಬಾಗಿಲಿಲ್ಲ, ಸಿಸ್ಟೀನ್ ಎಂಬ ಆ ಚೂರು ಒಳಗೇ ಉಳಿದು ಹರಳುಗಟ್ಟುತ್ತದೆ, ಕಣ್ಣಲ್ಲಿ, ಮೂತ್ರಪಿಂಡದಲ್ಲಿ, ಮಾತ್ರೆಯೊಂದೇ ಅದನ್ನು ಬೇರೆ ಬಾಗಿಲಿನಿಂದ ದಾಟಿಸುವುದು, ಆರು ಗಂಟೆಗೊಮ್ಮೆ, ತಪ್ಪದೆ. ಇದೇ ಕಾಯಿಲೆಯ ಮಗ ನಿಝಾರನನ್ನು ಕಳೆದ ಚಳಿಗಾಲ ಮಣ್ಣಿಗಿಟ್ಟವಳು ಗಾಬೆಸ್‌ನ ಮಬ್ರೂಕಾ, ಅವನ ಮಾತ್ರೆಯ ಉಳಿದ ಶೀಶೆಗಳು ಇನ್ನೂ ಅವಳ ಫ್ರಿಜ್ಜಿನಲ್ಲಿವೆ, ನಿನ್ನೆ ಫೋನಿನಲ್ಲಿ, ಕೊಡಲ್ಲಮ್ಮ, ಅವು ನನ್ನ ಮಗನವು, ಬರಬೇಡ, ಅಂದಳು. ಹೊರಟಿದ್ದೇನೆ. ಬೇಡ ಅಂದವಳ ಮನೆಗೆ ಹೋಗ್ತೀಯಲ್ಲ ದಲೆಂದಾ, ನಾಚಿಕೆ ಆಗಲ್ವಾ, ಅಂದ ಗಂಡ — ಆಗಲ್ಲ, ಕಾಲು ಹಿಡೀತೀನಿ, ಅದಕ್ಕೂ ಬಗ್ಗದಿದ್ದರೆ ಕಸಿದುಕೊಂಡು ಓಡ್ತೀನಿ, ಹೌದು, ಓಡ್ತೀನಿ.

ಬಾಗಿಲು ತೆರೆದ ಮಬ್ರೂಕಾ ನನ್ನನ್ನು ನೋಡಲಿಲ್ಲ, ಶಾಲಿನೊಳಗಿನ ಮುದ್ದೆಯನ್ನು ನೋಡಿದಳು, ಬಿಸಿಲಲ್ಲಿ ನಿಲ್ಲಿಸಿದೀಯಲ್ಲೇ ಮಗೂನ, ಒಳಗೆ ಬಾ. ಕಿಟಕಿಗಳಿಗೆಲ್ಲ ನಿಝಾರನ ಕಣ್ಣಿಗೆಂದು ಕಟ್ಟಿದ ದಪ್ಪ ಪರದೆ ಇನ್ನೂ ಇದೆ, ಯುಸ್ರಾ ತಾನಾಗಿ ಶಾಲು ಸರಿಸಿ ಕಣ್ಣು ಬಿಟ್ಟಳು, ಎಷ್ಟು ದಿನದ ಮೇಲೆ — ಅಕ್ಕಾ, ಒಂದೇ ಒಂದು ಶೀಶೆ, ನಮ್ಮದು ಬಂದ ಕೂಡಲೇ ವಾಪಸ್ — ಸುಮ್ಮನಿರು ಅಂದು ಅವಳು ಮೂರು ಶೀಶೆಯನ್ನೂ ಮೇಜಿನ ಮೇಲಿಟ್ಟಳು, ಮೊದಲನೇ ಮಾತ್ರೆ ಇಲ್ಲೇ ನುಂಗಬೇಕು, ಆಮೇಲೆ ಒಂದು ಗಂಟೆ ಕೂತು ಹೋಗಬೇಕು. ಯಾಕೆ, ಕೆಟ್ಟಿದೆಯೇ, ತಾರೀಖು ಓದುತ್ತೇನೆ, ಇನ್ನೂ ನಾಲ್ಕು ತಿಂಗಳಿದೆ, ಮತ್ತೇಕೆ — ಯುಸ್ರಾ ನುಂಗಿದಳು, ನೀರು ಕುಡಿದಳು, ಗಡಿಯಾರ ನೋಡುತ್ತ ಕೂತೆವು, ಆಮೇಲೆ ಅದು ಬಂತು, ಈ ಮಾತ್ರೆ ತರುವ ಕೊಳೆತ ಮೊಟ್ಟೆಯ ನಾತ, ಉಸಿರಿನಿಂದ, ಚರ್ಮದಿಂದ, ಶಾಲೆಯಲ್ಲಿ ಇವಳ ಬೆಂಚು ಖಾಲಿ ಮಾಡಿಸಿದ್ದು, ನಾನೇ ಸಾಬೂನು ಹಚ್ಚಿ ಹಚ್ಚಿ ಉಜ್ಜಿದ್ದು, ಕ್ಷಮಿಸಿ ಅಕ್ಕಾ, ಕಿಟಕಿ ತೆಗೀತೀನಿ. ತೆಗೀಬೇಡ. ನಿಝಾರ್ ಹೀಗೇ ಇರ್ತಿದ್ದ ಕಣೇ, ಈ ವಾಸನೆ ಹಾಸಿಗೇಲಿತ್ತು, ಹೋಯ್ತು, ಅಂಗೀಲಿತ್ತು, ಅಲ್ಲೂ ಹೋಯ್ತು — ಮಂಡಿಯೂರಿ ನನ್ನ ಮಗಳ ಕತ್ತಿಗೆ ಮೂಗು ಹುದುಗಿಸಿದ್ದಾಳೆ, ಯುಸ್ರಾ ಅಲುಗುತ್ತಿಲ್ಲ, ಮಬ್ರೂಕಾ ಉಸಿರು ಒಳಕ್ಕೆ ಎಳೆಯುತ್ತಿದ್ದಾಳೆ, ಇನ್ನೂ ಎಳೆಯುತ್ತಿದ್ದಾಳೆ, ಆ ಮೂಗು, ಆ ಪುಟ್ಟ ಕತ್ತು, ಎಳೆದ ಉಸಿರನ್ನು ಬಿಡುತ್ತಿಲ್ಲ, ಆ ಕತ್ತು, ಆ ಮೂಗು, ಬಿಡುತ್ತಲೇ ಇಲ್ಲ