ಎಲೆಅಡಿಕೆ ಚೀಲದಲ್ಲಿ ಆರು ಮಾತ್ರೆ

ರೇಷ್ಮೆ ಹುಳುಮನೆಯಲ್ಲಿ ಬೆಳಗಿನ ಸೊಪ್ಪು ಹಾಕುತ್ತಿದ್ದೆ. ಇನ್ನೂ ಮೂರು ತಟ್ಟೆ ಉಳಿದಿತ್ತು. ನನ್ನ ಮಗಳು ಮೌನಿಕಾ ಹೊಸ್ತಿಲಾಚೆ ನಿಂತು ಅಂಗೈ ಚಾಚಿದಳು. ಕಾಲು ತೊಳೆಯದೆ ಒಳಗೆ ಬರಬಾರದೆಂದು ಒಂಬತ್ತು ವರ್ಷದ ಅವಳಿಗೂ ಗೊತ್ತು.

"ಅಮ್ಮ, ಅಜ್ಜಿಯ ಎಲೆಅಡಿಕೆ ಚೀಲದಲ್ಲಿತ್ತು."

ಆರು ಮಾತ್ರೆ. ನಮ್ಮತ್ತೆ ಅಶ್ವತ್ಥಮ್ಮನಿಗೆ ರಕ್ತದ ಕ್ಯಾನ್ಸರ್. ದಿನಕ್ಕೊಂದು ನುಂಗಬೇಕು. ಹಾಗಾದರೆ ಆರು ದಿನದಿಂದ ನುಂಗಿಲ್ಲ.

ಸೊಪ್ಪಿನ ಕೈಯಲ್ಲೇ ಜಗಲಿಗೆ ಬಂದೆ. ನನ್ನ ತಂಗಿ ಯಾಮಿನಿ ಆಗಷ್ಟೇ ಚಿಕ್ಕಬಳ್ಳಾಪುರದ ಬಸ್ಸಿಳಿದು ಬಂದು ಅತ್ತೆಯ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದಳು. ಅವಳು ಔಷಧಿ ಸಂಶೋಧನೆಯ ಲ್ಯಾಬಿನಲ್ಲಿದ್ದಾಳೆ.

"ಏನತ್ತೆ ಇದು?"

"ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀಯೇನೇ? ಹಳೇ ಪೊರೆ ಬಿಟ್ಟಮೇಲಲ್ವಾ ಹೊಸ ಸೊಪ್ಪು? ಹಂಗೇ ಹಳೇ ಔಷಧಿ ಮೈಬಿಡ್ಲಿ ಅಂತ ಬಿಟ್ಟಿದೀನಿ. ನಿನ್ ತಂಗಿ ಹೊಸದು ತರ್ತಾಳಲ್ಲ."

ಹುಳು ಪೊರೆ ಕಳಚಲು ಮಲಗುವುದನ್ನು ನಾವು ಜ್ವರ ಅನ್ನುತ್ತೇವೆ. ನಲವತ್ತು ವರ್ಷ ಹುಳು ಸಾಕಿದವರಿಗೆ ಏನು ಹೇಳುವುದು? ಯಾಮಿನಿ ಇಂಥ ಕಾಯಿಲೆಗೇ ಔಷಧಿ ಮಾಡುತ್ತಿದ್ದಾಳೆ ಎಂದು ಅವರ ಕಿವಿಗೆ ಹಾಕಿದವಳು ನಾನೇ. ಧೈರ್ಯ ಬರಲಿ ಅಂತ.

ಯಾಮಿನಿ ಲೋಟ ಕೆಳಗಿಟ್ಟು ಅತ್ತೆಯತ್ತ ತಿರುಗಿದಳು. "ಅಮ್ಮ, ನಾನು ಮಾಡೋದು ಪೂರ್ತಿ ಔಷಧಿ ಅಲ್ಲ, ಅದರ ನಡುವಿನ ದಾರ. ಲಿಂಕರ್ ಅಂತಾರೆ. ಒಂದು ತುದೀಲಿರೋ ಅಣು ಕೆಟ್ಟ ಪ್ರೋಟೀನ್ ಹಿಡ್ಕೊಳತ್ತೆ. ಜೀವಕೋಶದೊಳಗೆ ಬೇಡದ್ದನ್ನ ಚೂರು ಮಾಡೋ ಏರ್ಪಾಡಿದೆ. ಇನ್ನೊಂದು ತುದಿ ಆ ಏರ್ಪಾಡನ್ನ ಹತ್ರ ಎಳ್ಕೊಂಡು ಬರತ್ತೆ. ದಾರ ಗಿಡ್ಡ ಆದ್ರೆ ಎರಡೂ ಎದುರುಬದುರಾಗಲ್ಲ. ಉದ್ದ ಆದ್ರೆ ಜೋಲಾಡತ್ತೆ."

"ಮತ್ತೆ ಕಾಯಿಲೆ ವಾಸಿ ಮಾಡೋದು ಯಾವುದೇ?" ಎಂದೆ.

"ಮೂರೂ ಸೇರಿ, ಅಕ್ಕ."

ತಲೆದೂಗಿದೆ. ತಿಳಿದದ್ದು ಅರ್ಧವೂ ಅಲ್ಲ. ದಾರ ಏನನ್ನೂ ಕೊಲ್ಲುವುದಿಲ್ಲ, ಆದರೂ ದಾರ ಸರಿಯಿಲ್ಲದಿದ್ದರೆ ಏನೂ ನಡೆಯುವುದಿಲ್ಲ. ಇದೆಂಥ ಔಷಧಿಯೋ.

"ಎಷ್ಟು ದಾರ ಮಾಡಿದೀಯೇ?" ಅತ್ತೆ ಕೇಳಿದರು.

"ನಲವತ್ತೊಂದು."

"ಅದ್ರಲ್ಲೊಂದು ಕೊಡು ಮತ್ತೆ."

"ಅವು ಗಾಜಿನ ತಟ್ಟೇಲಿ ಬೆಳೆಸಿರೋ ಜೀವಕೋಶದ ಮೇಲೆ ನೋಡೋಕಷ್ಟೇ ಅಮ್ಮ. ಮನುಷ್ಯರಿಗಲ್ಲ."

"ನಾನು ನಿನ್ ತಟ್ಟೆಗಿಂತ ಕಡೆಯಾದ್ನಾ?"

ಯಾಮಿನಿ ನಕ್ಕಳು, ಆಮೇಲೆ ಮುಖ ತಿರುಗಿಸಿ ಆಸ್ಪತ್ರೆಗೆ ಫೋನ್ ಮಾಡಿದಳು. ಇವತ್ತಿನಿಂದಲೇ ಮತ್ತೆ ಶುರು ಮಾಡಿ, ಬಿಟ್ಟದ್ದನ್ನು ಸೇರಿಸಿ ನುಂಗಬೇಡಿ, ನಾಳೆ ಕರೆತನ್ನಿ ಅಂದರಂತೆ. ನಾನು ಮೌನಿಕಾಳ ಕೈಯಿಂದ ಒಂದು ಮಾತ್ರೆ ತೆಗೆದುಕೊಂಡು, ನೀರು ತಂದೆ. ಅತ್ತೆ ಮಾತ್ರೆಯನ್ನು ಕೈಯಲ್ಲೇ ಹಿಡಿದು ಕೂತರು.

"ನಿಂದು ಯಾವಾಗ ಬರತ್ತೆ ಹೇಳು, ಇದನ್ನ ನುಂಗ್ತೀನಿ."

"ಬರತ್ತೆ ಅಮ್ಮ," ಅಂದಳು ಯಾಮಿನಿ.

"ಬರತ್ತೆ ಅತ್ತೆ," ಅಂದೆ ನಾನೂ. ಒಳಗೆ ಮೂರು ತಟ್ಟೆ ಹುಳು ಹಸಿದಿದ್ದವು, ಆದರೂ ಅತ್ತೆ ಮಾತ್ರೆ ನುಂಗಲಿ ಅಂತ ಕಾಯುತ್ತಿದ್ದೆ.

ಮೌನಿಕಾ ಉಳಿದ ಐದು ಮಾತ್ರೆಗಳನ್ನು ಮುಷ್ಟಿಯಲ್ಲಿಟ್ಟುಕೊಂಡು ಕಂಬಕ್ಕೆ ಒರಗಿದ್ದಳು. ಆಗಿನಿಂದ ಎರಡು ಸಲ ಬಾಯಿ ತೆರೆದು ಮುಚ್ಚಿದ್ದಳು. ನಾನು ನೋಡಿಯೂ ನೋಡದಂತಿದ್ದೆ. ಈಗ ಅವಳು ಯಾಮಿನಿಯ ಹತ್ತಿರ ಹೋಗಿ ನಿಂತಳು.

"ಚಿಕ್ಕಮ್ಮ, ನಿನ್ ದಾರ ಸರಿಹೋಗೋ ಹೊತ್ತಿಗೆ ಅಜ್ಜಿ ಇರ್ತಾಳಾ?"