ಖಾಲಿ ಕೊಡಬಾರದ ಡಬ್ಬಿ

ನಿಂಗರಾಜನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಮೀನಾ ಗೂಟದಲ್ಲಿದ್ದ ಗಂಡನ ಅಂಗಿಯನ್ನು ಮೂಸಿದಳು. ಬೀಡಿಯನ್ನೇ ಮುಟ್ಟದವನ ಅಂಗಿಗೆ ಸಿಗರೇಟಿನ ನಾತ. ಸವದತ್ತಿಯ ಹೋಟೆಲಿನ ಗಲ್ಲಾದಲ್ಲಿ ಕುಳಿತು ಗಿರಾಕಿಗಳ ಹೊಗೆ ಕುಡಿದೇ ಅವನ ಶ್ವಾಸಕೋಶ ಕೆಟ್ಟಿತ್ತು.

ಮಾತಾಡಿಸಲು ಬಂದ ಹೋಟೆಲಿನ ಮಾಲಕ ಮಡಿವಾಳೆಪ್ಪ ಚಹಾ ಕುಡಿದು ಸಿಗರೇಟು ಹಚ್ಚಿದ.

"ಕಲತಾಕಿ ಇದ್ದಿ, ತಂಗಿ. ಗಲ್ಲಾಕ್ಕ ನೀನ ಬಾ."

"ಹೋಟೆಲ್ದಾಗ ಸೇದೂದು ಬಂದ್ ಮಾಡ್ರಿ ಅಣ್ಣಾ, ಬರತೇನಿ."

"ಹೊಗಿ ಇಲ್ಲಂದ್ರ ಚಾ ಯಾರ್ ಕುಡೀತಾರವಾ?" ನಗುತ್ತ ಅವನು ತುಂಡನ್ನು ಚಹಾದ ಬಸಿಯಲ್ಲೇ ಹೊಸಕಿದ.

ನಿಂಗರಾಜ ಹೋಟೆಲಿನಿಂದ ಕೇಳಿ ತಂದಿದ್ದ ಡಬ್ಬಿ ಗೋಡೆಯ ಮಾಡದಲ್ಲಿತ್ತು. ಇಸಿದುಕೊಂಡ ಡಬ್ಬಿಯನ್ನು ಖಾಲಿ ಕೊಡಬಾರದೆಂದು ಸಕ್ಕರೆ ಹಾಕುವುದು ಓಣಿಯ ರೂಢಿ. ಮೀನಾ ಬಸಿಯಲ್ಲಿದ್ದ ಬೂದಿ, ತುಂಡು ಎಲ್ಲವನ್ನೂ ಅದರಲ್ಲಿ ಸುರಿದು, ಮುಚ್ಚಳ ಬಿಗಿದು, ಮಡಿವಾಳೆಪ್ಪನ ಕೈಗಿಟ್ಟಳು.