ಕನ್ನಡಿ ಮಹಲಿನ ಚಾವಣಿ

ಅರಮನೆಯ ಹೆಬ್ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಗಾರೆ ಮೇಸ್ತ್ರಿ ಆಗಲೇ ಎರಡು ಸಲ ಹಿಂದೆ ತಿರುಗಿ ನೋಡಿದ್ದ. ಟಿಕೆಟ್ ಹರಿದುಕೊಟ್ಟ ಹೆಂಗಸು ಗುರುತಿನವಳಲ್ಲ. ಬಾಗಿಲ ಕಾವಲಿನವನೂ ಹೊಸಬ. ಸದ್ಯಕ್ಕೆ ಬಚಾವು ಅಂದುಕೊಂಡು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ.

ಹೋದ ವರ್ಷ ಐದು ತಿಂಗಳು ಅವನು ಇದೇ ಅರಮನೆಯಲ್ಲಿ ಕೆಲಸ ಮಾಡಿದ್ದ. ಕನ್ನಡಿ ಮಹಲಿನ ಚಾವಣಿಯಲ್ಲಿ ಹಳೆಯ ಗಾರೆ ಹೂಗಳು ಉದುರತೊಡಗಿದ್ದವು. ಅವನ್ನು ಮೊದಲಿದ್ದ ಹಾಗೆಯೇ ಮತ್ತೆ ಮೂಡಿಸುವ ಕೈ ಸುತ್ತಮುತ್ತ ನಾಲ್ಕೇ ಜನಕ್ಕಿತ್ತು, ಅವರಲ್ಲಿ ಇವನೊಬ್ಬ. ಐದನೆಯ ತಿಂಗಳ ಕೊನೆಗೆ, ಒಂದು ಬೆಳಿಗ್ಗೆ, ಅಟ್ಟಣಿಗೆಯ ಹಲಗೆ ಜಾರಿ ಕೆಳಗೆ ಬಿದ್ದ. ಬಲಗೈ ಮಣಿಕಟ್ಟು ಮುರಿಯಿತು, ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಒಂಬತ್ತು ದಿನ ಆಸ್ಪತ್ರೆ, ಆಮೇಲೆ ಆರು ವಾರ ಕೈಗೆ ಕಟ್ಟು.

ಇದ್ಯಾವುದೂ ಹೆಂಡತಿಗೆ ಗೊತ್ತಿರಲಿಲ್ಲ. ಆಗ ಅವಳು ಮಗಳ ಬಾಣಂತನಕ್ಕೆಂದು ದೂರದ ಊರಿಗೆ ಹೋಗಿದ್ದಳು. ಮರಳಿ ಬರುವ ಹೊತ್ತಿಗೆ ಕಟ್ಟು ಬಿಚ್ಚಿಯಾಗಿತ್ತು. ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ. ಅದಕ್ಕೆ ವಾಯು ಎಂದು ಹೆಸರಿಟ್ಟು ಸುಮ್ಮನಾಗಿದ್ದ. ಹೇಳಬೇಕೆಂದುಕೊಂಡದ್ದು ನಿಜ. ಮೊದಲ ದಿನ ಬಾಯಿ ಬರಲಿಲ್ಲ, ಎರಡನೆಯ ದಿನ ಇನ್ನೂ ಕಷ್ಟವಾಯಿತು, ತಿಂಗಳು ಕಳೆಯುವಷ್ಟರಲ್ಲಿ ಅದು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ನೀವು ಮಾಡಿದ ಚಾವಣಿ ನನಗೂ ತೋರಿಸಿ ಎಂದು ಅವಳು ಎಷ್ಟೋ ಸಲ ಕೇಳಿದ್ದಳು. ಇವನು ನಾಳೆ, ನಾಡಿದ್ದು ಎಂದು ಕಾಗೆ ಹಾರಿಸಿದ್ದ. ಕೊನೆಗೆ ಅವಳೇ ರಜೆ ಹಾಕಿ, ಬುತ್ತಿ ಕಟ್ಟಿ, ಬೆಳಗಿನ ಬಸ್ಸಿಗೆ ಎಳೆದುಕೊಂಡು ಬಂದಿದ್ದಳು.

ಅವಳು ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುವವಳು. ಅಕ್ಷರ ಕಂಡರೆ ಓದದೆ ಮುಂದೆ ಹೋಗುವ ಪೈಕಿಯಲ್ಲ. ರಾಣಿಯ ಬಾಚಣಿಗೆ, ರಾಜಕುಮಾರನ ಮರದ ಕುದುರೆ, ಬೇಟೆಗೆ ಹೋಗುವಾಗಿನ ಬೂಟು, ಒಂದೊಂದರ ಮುಂದೆಯೂ ನಿಂತು ಫಲಕವನ್ನು ಮೊದಲಕ್ಷರದಿಂದ ಓದಿದಳು. ಮೇಸ್ತ್ರಿಗೆ ಕಾಲು ನಿಲ್ಲುತ್ತಿರಲಿಲ್ಲ. ಪ್ರತಿ ಕೋಣೆಯಲ್ಲೂ ಮುಂದಿನ ಬಾಗಿಲ ಹತ್ತಿರ ಹೋಗಿ ಇಣುಕುತ್ತಿದ್ದ, ಮತ್ತೆ ವಾಪಸು ಬರುತ್ತಿದ್ದ. ರಾಜನ ಮಂಚಕ್ಕೆ ಹತ್ತಲು ನಾಲ್ಕು ಮೆಟ್ಟಿಲಿದ್ದವು. ಪುಣ್ಯಾತ್ಮ ಇಲ್ಲಿಂದ ನಿದ್ದೆಗಣ್ಣಲ್ಲಿ ಉರುಳಿದ್ದರೆ ಏನು ಗತಿ ಎಂದು ಅವಳು ನಕ್ಕಳು. ಇವನು ನಗಲಿಲ್ಲ.

ಕನ್ನಡಿ ಮಹಲು ಇನ್ನೆರಡು ಕೋಣೆ ದಾಟಿದರೆ ಸಿಗುತ್ತಿತ್ತು. ಈ ಹೊತ್ತಿನಲ್ಲಿ ಅಲ್ಲಿ ಜನ ಜಾಸ್ತಿ, ಮೊದಲು ತೋಟ ನೋಡಿ ಬರೋಣ ಎಂದು ಅವನು ಅವಳನ್ನು ಪಕ್ಕದ ಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದ. ಬಿಸಿಲಿಗೆ ಬಂದ ಮೇಲೆ ಉಸಿರು ಸಲೀಸಾಯಿತು. ಆದರೆ ಗುಲಾಬಿ ಪಾತಿಯ ತಿರುವಿನಲ್ಲಿ, ಬೇಲಿ ಕತ್ತರಿಸುತ್ತಿದ್ದ ತೋಟದ ಹೆಂಗಸು ಕತ್ತರಿ ಕೆಳಗಿಟ್ಟು ಎದ್ದು ನಿಂತಳು. ಟೋಪಿ ಏನೂ ಕೆಲಸಕ್ಕೆ ಬರಲಿಲ್ಲ.

"ಮೇಸ್ತ್ರಿ ಅಣ್ಣ, ಕೈ ಹೇಗಿದೆ ಈಗ?"

ಅವನು ಚೆನ್ನಾಗಿದೆ ಎಂದು ಗೊಣಗಿ ಹೆಜ್ಜೆ ಮುಂದಿಟ್ಟ. ತೋಟದ ಹೆಂಗಸು ಬಿಡಲಿಲ್ಲ. ಪಕ್ಕದಲ್ಲಿದ್ದವಳನ್ನು ನೋಡಿ ಮುಖ ಅರಳಿಸಿದಳು.

"ನೀವೇನಾ ಅಕ್ಕ? ಅವತ್ತು ಇವರು ಬಿದ್ದಿದ್ದು ನೋಡಿ ಜೀವ ಹೋಗಿದೆ ಅಂತಾನೇ ಅಂದ್ಕೊಂಡಿದ್ವಿ."

ಹೆಂಡತಿ ಅವನ ಕಡೆ ತಿರುಗಲೂ ಇಲ್ಲ. ತೋಟದ ಹೆಂಗಸನ್ನೇ ಒಂದೊಂದಾಗಿ ಕೇಳಿದಳು: ಯಾವ ತಿಂಗಳು, ಎಷ್ಟು ಎತ್ತರದಿಂದ, ಆಸ್ಪತ್ರೆಗೆ ಯಾರು ಕರೆದುಕೊಂಡು ಹೋದರು, ಊಟ ಯಾರು ಕೊಟ್ಟರು. ಊಟ ತಾನೇ ಒಯ್ಯುತ್ತಿದ್ದೆ, ಎಡಗೈಲಿ ತಿನ್ನೋಕೆ ಒದ್ದಾಡುತ್ತಿದ್ದರು, ಕಲಸಿ ಕೊಡುತ್ತಿದ್ದೆ ಎಂದು ಹೇಳುವಾಗ ಆ ಹೆಂಗಸಿಗೆ ಏನೋ ಎಡವಟ್ಟಾಗಿದೆ ಎಂಬುದು ಹೊಳೆಯಿತು. ಮಾತು ಅರ್ಧಕ್ಕೇ ನುಂಗಿ ಕತ್ತರಿ ಎತ್ತಿಕೊಂಡಳು. ಹೆಂಡತಿ ಅವಳ ಕೈ ಹಿಡಿದು, ದೊಡ್ಡ ಉಪಕಾರ ಮಾಡಿದಿರಿ ಎಂದಳು. ಆಮೇಲೆ ನಡೆಯತೊಡಗಿದಳು.

ಬೀಸುಗಾಲಿನ ನಡಿಗೆ ಅದು. ಕಾರಂಜಿಯ ಸುತ್ತ ಒಂದು ಸುತ್ತು ಹಾಕಿದಳು, ಎರಡನೆಯ ಸುತ್ತೂ ಹಾಕಿದಳು. ಮೇಸ್ತ್ರಿ ಹತ್ತು ಹೆಜ್ಜೆ ಹಿಂದೆ ಬುತ್ತಿ ಚೀಲ ಹೊತ್ತು ಸುತ್ತಿದ. ಫೋಟೊ ತೆಗೆಸಿಕೊಳ್ಳುತ್ತಿದ್ದ ಹೊಸ ಜೋಡಿಯೊಂದು ಇಬ್ಬರಿಗೂ ದಾರಿ ಬಿಟ್ಟುಕೊಟ್ಟಿತು. ಮೂರನೆಯ ಸುತ್ತಿಗೆ ಅವಳು ತಟ್ಟನೆ ನಿಂತಳು.

"ಯಾಕೆ ಹೇಳ್ಲಿಲ್ಲ?"

"ಮಗು ಹುಟ್ಟಿ ನಾಲ್ಕು ದಿನ ಆಗಿತ್ತು. ಹೇಳಿದ್ರೆ ನೀನು ಎಲ್ಲಾ ಬಿಟ್ಟು ಓಡಿ ಬರ್ತಿದ್ದೆ."

"ಬರ್ತಿದ್ನೋ ಬಿಡ್ತಿದ್ನೋ, ಅದನ್ನ ನಾನು ಯೋಚನೆ ಮಾಡ್ಬೇಕಿತ್ತು. ನೀವೇ ಮಾಡಿ ಮುಗಿಸಿಬಿಟ್ರಿ." ಅವಳ ದನಿ ಏರಲಿಲ್ಲ. "ದಿನಾ ಸಂಜೆ ಫೋನಲ್ಲಿ ಮಗು ಸೀನಿದ್ದು, ಬಿಕ್ಕಿದ್ದು ಎಲ್ಲಾ ಒದರ್ತಿದ್ದೆ. ನೀವು ಮುರಿದ ಪಕ್ಕೆ ಇಟ್ಕೊಂಡು ಹೂಂ ಹೂಂ ಅಂತಿದ್ರಿ. ಗಂಟಲು ಯಾಕೆ ಹಾಗಿದೆ ಅಂದ್ರೆ ಸುಣ್ಣದ ಧೂಳು ಅಂದ್ರಿ."

ಆ ಹೂಂ ಅನ್ನುವುದಕ್ಕೇ ಅವನು ಆ ಒಂಬತ್ತು ದಿನ ಸಂಜೆಯಾಗುವುದನ್ನು ಕಾಯುತ್ತಿದ್ದ. ಅದನ್ನು ಈಗ ಹೇಳಿದರೆ ಬೆಣ್ಣೆ ಹಚ್ಚಿದ ಹಾಗೆ ಕೇಳಿಸುತ್ತದೆಂದು ಬಾಯಿ ಮುಚ್ಚಿಕೊಂಡ.

"ನಡೀರಿ," ಎಂದಳು ಅವಳು. "ಎಲ್ಲಿ ಬಿದ್ರಿ ಅಂತ ತೋರಿಸಿ."

ಕನ್ನಡಿ ಮಹಲಿನಲ್ಲಿ ಜನವೇನೂ ಹೆಚ್ಚಿರಲಿಲ್ಲ. ಅವಳು ಒಳಗೆ ಹೋಗಿ ನಡುಮಧ್ಯೆ ನಿಂತು ಕತ್ತೆತ್ತಿದಳು. ಮೂರಾಳೆತ್ತರದ ಮೇಲೆ ಬಿಳಿ ಹೂಗಳು, ಬಳ್ಳಿಗಳು, ಹಕ್ಕಿಗಳು. ಹಳೆಯದು ಯಾವುದು ಹೊಸದು ಯಾವುದು ಗುರುತು ಸಿಗುವ ಹಾಗಿರಲಿಲ್ಲ. ನಿಮ್ಮದು ಯಾವುದು ಎಂದು ಕೇಳಿದಳು. ಎರಡನೆಯ ಕಿಟಕಿಯ ನೇರಕ್ಕೆ ಬಳ್ಳಿ ಎಡಕ್ಕೆ ಹೊರಳುತ್ತದಲ್ಲ, ಅಲ್ಲಿಂದ ಹನ್ನೊಂದು ಹೂವು ತನ್ನವು, ಹನ್ನೆರಡನೆಯದನ್ನು ಬೇರೆಯವರು ಮುಗಿಸಿದರು ಎಂದ ಮೇಸ್ತ್ರಿ. ಅವಳು ಎಣಿಸಿದಳು. ತಿರುವಿನಿಂದಾಚೆ ಹನ್ನೆರಡೇ ಇದ್ದವು. ಆಮೇಲೆ ಎದುರಿನ ಕನ್ನಡಿಯಲ್ಲಿ ಅವನನ್ನು ಕಂಡಳು: ಹೊಸ್ತಿಲ ಆಚೆಯೇ ನಿಂತಿದ್ದ, ಕಣ್ಣು ನೆಲದ ಮೇಲಿತ್ತು, ಬಾಗಿಲ ಚೌಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದಿದ್ದ.

"ನೀವು ಮೇಲೆ ನೋಡ್ತಾನೇ ಇಲ್ವಲ್ಲ," ಎಂದಳು ಹತ್ತಿರ ಬಂದು.

"ಆಗ್ತಿಲ್ಲ ಕಣೇ. ಏಣಿ ಎರಡನೇ ಮೆಟ್ಟಿಲಿಗೇ ಬೆವರು ಕಿತ್ತು ಬರುತ್ತೆ. ಚಾವಣಿ ಕೆಲಸ ಬರ್ತಿಲ್ಲ ಅಂತ ಹೇಳ್ತಿದ್ನಲ್ಲ, ಬರ್ತಿತ್ತು. ನಾನೇ ಬೇಡ ಅಂತಿದ್ದೆ."

ಈ ಒಂದು ವರ್ಷ ಅವನು ಬಚ್ಚಲ ನೆಲ, ಮೆಟ್ಟಿಲು, ಕಾಂಪೌಂಡ್ ಗೋಡೆ ಎಂದು ನೆಲ ಬಿಟ್ಟು ಮೇಲೇಳದ ಕೆಲಸವನ್ನಷ್ಟೇ ಹಿಡಿದಿದ್ದ. ಅದನ್ನೂ ಹೇಳಿದ. ಹೇಳುತ್ತ ಹೇಳುತ್ತ ಹೊಸ್ತಿಲ ಪಕ್ಕದಲ್ಲೇ ಕುಳಿತ. ಅವಳೂ ಪಕ್ಕಕ್ಕೆ ಕುಳಿತಳು. ಕಾವಲಿನವನು ಬಂದು ಇಲ್ಲಿ ಕೂರುವಂತಿಲ್ಲ ಎಂದ.

"ಮೇಲಿನ ಆ ಹೂವೆಲ್ಲ ಮಾಡಿದವರು ಇವರು," ಎಂದಳು ಅವಳು. "ಎರಡು ನಿಮಿಷ ಇದ್ದು ಎದ್ದು ಹೋಗ್ತೀವಿ."

ಕಾವಲಿನವನು ಚಾವಣಿ ನೋಡಿದ, ಕುಳಿತವನನ್ನು ನೋಡಿದ, ಆಚೆ ಕಿಟಕಿಯ ಹತ್ತಿರ ಹೋಗಿ ನಿಂತ.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕುಳಿತಳು. ಎರಡು ನಿಲ್ದಾಣ ದಾಟಿದ ಮೇಲೆ ಪ್ರಶ್ನೆಗಳು ಶುರುವಾದವು. ಬಿದ್ದಾಗ ಪ್ರಜ್ಞೆ ಇತ್ತಾ, ತಲೆಗೆ ಪೆಟ್ಟಾಗಿತ್ತಾ, ಕಟ್ಟು ಇದ್ದಾಗ ಅಂಗಿ ಯಾರು ಹಾಕಿಕೊಡುತ್ತಿದ್ದರು, ಅಳಿಯನಿಗೇನಾದರೂ ಗೊತ್ತಿತ್ತಾ. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಅಳಿಯನಿಗೆ ಗೊತ್ತಿಲ್ಲ ಅಂದಾಗ ಅವಳಿಗೆ ಸ್ವಲ್ಪ ಸಮಾಧಾನವಾದ ಹಾಗೆ ಕಂಡಿತು. ಮಗಳಿಗೆ ಮಾತ್ರ ನೀವೇ ಹೇಳಬೇಕು, ನಾನು ನಡುವೆ ಬರುವುದಿಲ್ಲ ಎಂದಳು. ಒಪ್ಪಿಕೊಂಡ.

"ಇನ್ನೇನಾದ್ರೂ ಉಳಿದಿದ್ಯಾ?"

ಅವನು ಯೋಚಿಸಿ ನೋಡಿ, ಇಲ್ಲ ಎಂದ. ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದಳು. ಆ ಕಡೆ ಕಿಟಕಿಯ ಬಿಸಿಲು ನಿಮ್ಮ ಮುಖಕ್ಕೇ ಹೊಡೀತಿದೆ, ನೀವು ಈ ಕಡೆ ಬನ್ನಿ ಎಂದು ಎದ್ದಳು. ಓಡುವ ಬಸ್ಸಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಜಾಗ ಬದಲಿಸಿದರು.